ಚಂಡಮಾರುತ ಬೆನ್ನಟ್ಟುವವರ ಡಬ್ಬಿ ನಮ್ಮ ರಾಜಕಾಲುವೆ ದಂಡೆಗೆ ಬಂದದ್ದು

ನಮ್ಮ ಕಾಂಪೌಂಡ್ ಗೋಡೆಯ ಒಳಮೈಯಲ್ಲಿ, ನೆಲದಿಂದ ಮೂರೂವರೆ ಅಡಿ ಮೇಲೆ, ಒಂದು ಕಂದು ಗೆರೆ ಇದೆ. 2022ರ ಸೆಪ್ಟೆಂಬರ್ ಮೊದಲ ವಾರದ ನೀರು ಬಿಟ್ಟುಹೋದ ಗೆರೆ ಅದು. ಆಮೇಲೆ ಮನೆಗೆ ಬಣ್ಣ ಹೊಡೆಸುವಾಗ ಆ ಒಂದು ಗೇಣು ಜಾಗ ಮಾತ್ರ ಬಿಡಿ ಅಂತ ಪೇಂಟರ್‌ಗೆ ಹೇಳಿ ಬಿಡಿಸಿಕೊಂಡೆ. ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಮುಗಿದ 24 ಗಂಟೆಯಲ್ಲಿ ಬೆಂಗಳೂರಲ್ಲಿ 131.6 ಮಿಲಿಮೀಟರ್ ಮಳೆ ಸುರಿದಿತ್ತು. ಬೆಳ್ಳಂದೂರು, ಯಮಲೂರು ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಹೊರಮಾವು ಕಡೆಯ ನಮ್ಮ ಚಿಕ್ಕ ಲೇಔಟ್ ಟಿವಿಯಲ್ಲಿ ಬರಲಿಲ್ಲ. ನೀರು ಮಾತ್ರ ಬಂತು.

ಗೆರೆ ಎತ್ತರ ಹೇಳುತ್ತದೆ, ಹೊತ್ತು ಹೇಳುವುದಿಲ್ಲ. ಯಾವ ಕಡೆಯಿಂದ ಬಂತು ಅನ್ನುವುದನ್ನಂತೂ ಹೇಳುವುದೇ ಇಲ್ಲ. ಅದಕ್ಕೇ ನಮ್ಮಲ್ಲಿ ಮೂರು ವರ್ಷ ಜಗಳ ನಡೆಯಿತು. ರಾಜಕಾಲುವೆ ಗೋಡೆ ಮೇಲಿಂದ ಉಕ್ಕಿ ಬಂತು, ಗೋಡೆ ಇನ್ನೆರಡು ಅಡಿ ಏರಿಸಬೇಕು ಅಂತ ಒಬ್ಬರು. ಮೇಲಿನ ರಸ್ತೆಯಿಂದ ಹರಿದು ಬಂತು, ಅಲ್ಲಿ ಹಂಪ್ ಹಾಕಬೇಕು ಅಂತ ಇನ್ನೊಬ್ಬರು. ಮೋರಿ ಕಟ್ಟಿಕೊಂಡಿತ್ತು, ಹೂಳು ತೆಗೆಸಿದರೆ ಸಾಕು ಅಂತ ಮಗದೊಬ್ಬರು. ರಾತ್ರಿ, ಕರೆಂಟ್ ಇಲ್ಲ, ಎಲ್ಲರೂ ಮೊದಲ ಮಹಡಿಯಲ್ಲಿದ್ದೆವು. ನೀರು ಮೊದಲು ಎಲ್ಲಿ ಕಾಣಿಸಿತು ಅಂತ ನೋಡಿದವರು ಯಾರೂ ಇಲ್ಲ. ನೋಡಲು ಇಳಿದವರು ಬದುಕಿ ಬರುತ್ತಾರೆ ಅನ್ನುವ ಖಾತ್ರಿಯೂ ಇಲ್ಲ.

ಅದೇ ತಿಂಗಳ 28ರಂದು ಅಮೆರಿಕದ ಫ್ಲಾರಿಡಾಕ್ಕೆ ಇಯಾನ್ ಹರಿಕೇನ್ ಅಪ್ಪಳಿಸಿತು (ಚಂಡಮಾರುತಕ್ಕೆ ಅಲ್ಲಿ ಹರಿಕೇನ್ ಅನ್ನುತ್ತಾರೆ). ನೆಲ ಮುಟ್ಟುವಾಗ ಗಾಳಿಯ ವೇಗ ಗಂಟೆಗೆ ಸುಮಾರು 240 ಕಿಲೋಮೀಟರ್. ಫೋರ್ಟ್ ಮೈಯರ್ಸ್ ಬೀಚ್ ಅನ್ನುವ ಊರಿನ ಎಸ್ಟೆರೊ ಬುಲೆವಾರ್ಡ್ ರಸ್ತೆಯಲ್ಲಿ ಮ್ಯಾಕ್ಸ್ ಓಲ್ಸನ್ ಅನ್ನುವ ಚಂಡಮಾರುತ ಬೆನ್ನಟ್ಟುವ ವ್ಯಕ್ತಿ ಒಂದು ಕ್ಯಾಮೆರಾ ಕಟ್ಟಿಟ್ಟು ಹೊರಟುಹೋಗಿದ್ದರು. ನೆಲದಿಂದ ಸುಮಾರು ಆರಡಿ ಎತ್ತರದಲ್ಲಿ. ಆ ವಿಡಿಯೋ ನೋಡಿದ್ದು ನನ್ನ ತಲೆಯಿಂದ ಇಳಿಯಲೇ ಇಲ್ಲ. ಮೊದಲು ಒದ್ದೆ ರಸ್ತೆ, ಬಾಗಿದ ತೆಂಗಿನಂಥ ಮರಗಳು. ಆಮೇಲೆ ರಸ್ತೆ ಮೇಲೆ ತೆಳ್ಳಗೆ ನೀರು. ನೋಡನೋಡುತ್ತ ಅಲೆಗಳು, ತೇಲುವ ಮನೆಯ ಭಾಗಗಳು, ಕೊನೆಗೆ ಲೆನ್ಸಿನವರೆಗೆ ಸಮುದ್ರ. ಆ ಊರಲ್ಲಿ ನೆಲದ ಮೇಲೆ 10ರಿಂದ 15 ಅಡಿ ನೀರು ಏರಿತ್ತು ಅಂತ ಆಮೇಲಿನ ಅಧಿಕೃತ ವರದಿ ಹೇಳಿತು. ನೀರು ಇಳಿದ ಮೇಲೆ ಕ್ಯಾಮೆರಾ ಸಿಕ್ಕಿತು, ಒಳಗಿನ ದೃಶ್ಯವೂ ಸಿಕ್ಕಿತು.

ಅವರ ಕೆಲಸದ ಲೆಕ್ಕಾಚಾರ ನನಗೆ ಹಿಡಿಸಿದ್ದು ಅಲ್ಲಿ. ಮನುಷ್ಯ ನಿಲ್ಲಬಾರದ ಜಾಗದಲ್ಲಿ ಡಬ್ಬಿ ನಿಲ್ಲಲಿ, ಮನುಷ್ಯ ದೂರ ಹೋಗಲಿ. 1963ರಿಂದ 2012ರವರೆಗೆ ಅಮೆರಿಕದಲ್ಲಿ ಹರಿಕೇನ್‌ಗಳಿಂದ ನೇರವಾಗಿ ಸತ್ತವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಸತ್ತದ್ದು ನೀರಿನಿಂದ, ಗಾಳಿಯಿಂದ ಅಲ್ಲ. ಮಾರ್ಕ್ ಸಡತ್ ಥರದ ಬೆನ್ನಟ್ಟುವವರು ವರ್ಷಗಳಿಂದ ಇಂಥ ಆಳಿಲ್ಲದ ಕ್ಯಾಮೆರಾಗಳನ್ನು ಕರಾವಳಿಯಲ್ಲಿ ಕಟ್ಟುತ್ತ ಬಂದಿದ್ದಾರೆ. ಅಲ್ಲಿನ ಭೂವಿಜ್ಞಾನ ಸಮೀಕ್ಷೆ ಇಲಾಖೆ ಸೇತುವೆ, ಕಟ್ಟೆಗಳಿಗೆ ನೀರಿನ ಒತ್ತಡ ಅಳೆಯುವ ಸೆನ್ಸರ್ ಕಟ್ಟಿಡುತ್ತದೆ. 2021ರ ಸೆಪ್ಟೆಂಬರ್ 30ರಂದು ಸೇಲ್‌ಡ್ರೋನ್ ಅನ್ನುವ ಆಳಿಲ್ಲದ ದೋಣಿ ಸ್ಯಾಮ್ ಹರಿಕೇನ್ ಒಳಗೇ ನುಗ್ಗಿ 50 ಅಡಿ ಅಲೆಗಳ ನಡುವಿಂದ ವಿಡಿಯೋ ಕಳಿಸಿತು.

ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿಗೆ ಚಂಡಮಾರುತ ಬರುವುದಿಲ್ಲ. ಬರುವುದು ಅದರ ಮೋಡ. ‘ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ’ ಅಂತ ಸುದ್ದಿ ಬಂತೆಂದರೆ ನಮ್ಮ ಲೇಔಟಿನಲ್ಲಿ ಕಾರುಗಳು ಎತ್ತರದ ರಸ್ತೆಗೆ ಹೋಗುತ್ತವೆ. 2021ರ ನವೆಂಬರ್‌ನಲ್ಲೂ 2024ರ ಅಕ್ಟೋಬರ್‌ನಲ್ಲೂ ಯಲಹಂಕದ ಅಪಾರ್ಟ್‌ಮೆಂಟಿನವರು ದೋಣಿಯಲ್ಲಿ ಹೊರಬಂದರು. ಹೆಬ್ಬಾಳ ಕಣಿವೆಯ ನೀರು ಕೆರೆಯಿಂದ ಕೆರೆಗೆ ಇಳಿಯುತ್ತ ನಮ್ಮ ಕಡೆಯಿಂದಲೇ ಎಲೆ ಮಲ್ಲಪ್ಪ ಶೆಟ್ಟಿ ಕೆರೆಗೆ ಹೋಗಬೇಕು. ಹಾಗಾಗಿ ಆ ಡಬ್ಬಿಯನ್ನು ನಾವೂ ಕಟ್ಟಬೇಕು ಅಂತ ನಿಶ್ಚಯ ಮಾಡಿದೆ. ನಾನು ಸಾಫ್ಟ್‌ವೇರ್ ಕೆಲಸದವನು. ಬೆಸುಗೆ ಕಡ್ಡಿ ಹಿಡಿದು ಅಭ್ಯಾಸವಿದೆ, ಆದರೆ ನೀರಿನ ಕೆಳಗೆ ಬದುಕುವ ವಸ್ತು ಮಾಡಿದ್ದು ಇದೇ ಮೊದಲು.

ಡಬ್ಬಿ ಮತ್ತು ಸಂಪ್

ಎಲೆಕ್ಟ್ರಾನಿಕ್ ಸಾಮಾನು ಸಿಗುವ ಎಸ್‌ಪಿ ರೋಡಿನಲ್ಲಿ ಒಂದು ಶನಿವಾರ ಪೂರ್ತಿ ಹೋಯಿತು. ಪಾರದರ್ಶಕ ಪಾಲಿಕಾರ್ಬೊನೇಟ್ ಮುಚ್ಚಳದ ಜಂಕ್ಷನ್ ಬಾಕ್ಸ್ ತಂದೆ: 20 ಸೆಂಟಿಮೀಟರ್ ಉದ್ದ, 15 ಅಗಲ, 10 ಆಳ. ಮೇಲೆ ಐಪಿ 67 ಅಂತ ಮುದ್ರೆ. ಅದರ ಅರ್ಥ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ಹಾನಿ ಆಗುವಷ್ಟು ನೀರು ಹೋಗಬಾರದು. ಆದರೆ ಆ ಭರವಸೆ ಕಂಪನಿ ಮಾಡಿಕೊಟ್ಟ ಡಬ್ಬಿಗೆ, ನಾನು ಡ್ರಿಲ್ ಹಾಕಿದ ಡಬ್ಬಿಗಲ್ಲ.

ಮೊದಲ ವಿನ್ಯಾಸದಲ್ಲಿ ಬ್ಯಾಟರಿ ಹೊರಗೆ, ಕ್ಯಾಮೆರಾ ಒಳಗೆ. ಎರಡನ್ನೂ ಸೇರಿಸುವ ತಂತಿಗೆ ಒಂದು ತೂತು ಕೊರೆದು ಪಿಜಿ 7 ಗ್ಲ್ಯಾಂಡ್, ಅಂದರೆ ತಂತಿಯ ಸುತ್ತ ಬಿಗಿದು ನೀರು ತಡೆಯುವ ತಿರುಪು, ಕೂರಿಸಿದೆ. ಪರೀಕ್ಷೆಗೆ ನಮ್ಮ ಮಳೆನೀರಿನ ಸಂಪ್ ಇತ್ತು. ಖಾಲಿ ಡಬ್ಬಿಯೊಳಗೆ ಟಿಶ್ಯೂ ಪೇಪರ್ ಹಾಸಿ, ಅದರ ಮೇಲೆ ಮಗಳ ಸ್ಕೆಚ್ ಪೆನ್ನಿನಿಂದ ಸಾಲಾಗಿ ನೀಲಿ ಚುಕ್ಕೆ ಇಟ್ಟೆ. ಎರಡು ಇಟ್ಟಿಗೆ ಕಟ್ಟಿ, ಹಗ್ಗದಲ್ಲಿ ಒಂದೂವರೆ ಮೀಟರ್ ಕೆಳಗೆ ಇಳಿಬಿಟ್ಟು ರಾತ್ರಿ ಮಲಗಿದೆ. ಬೆಳಿಗ್ಗೆ ಎತ್ತಿದಾಗ ಕೈಗೆ ನೀರು ಕಾಣಲಿಲ್ಲ, ಡಬ್ಬಿ ಅಲುಗಿಸಿದರೂ ಸದ್ದಿಲ್ಲ. ಮುಚ್ಚಳ ತೆಗೆದರೆ ಗ್ಲ್ಯಾಂಡ್ ಪಕ್ಕದ ಮೂರು ಚುಕ್ಕೆಗಳು ಹೂವಿನಂತೆ ಅರಳಿಕೊಂಡಿದ್ದವು. ಉಳಿದವು ಒಣಗಿಯೇ ಇದ್ದವು. ಮುಚ್ಚಳದ ರಬ್ಬರ್ ತಪ್ಪಿಲ್ಲ, ತೂತಿನದೇ ತಪ್ಪು ಅಂತ ಕಾಗದ ತಾನೇ ಹೇಳಿತು. ಪಿಜಿ 7 ಹಿಡಿಯುವುದು 3ರಿಂದ 6.5 ಮಿಲಿಮೀಟರ್ ದಪ್ಪದ ದುಂಡು ತಂತಿಯನ್ನು. ನನ್ನದು ಚಪ್ಪಟೆ ಜೋಡಿ ತಂತಿ. ಎಷ್ಟು ಬಿಗಿದರೂ ಅದರ ಎರಡೂ ಬದಿ ಕೂದಲೆಳೆಯ ಸಂದು ಉಳಿಯುತ್ತಿತ್ತು.

ದುಂಡು ತಂತಿ ತಂದರೆ ಸರಿಹೋಗುತ್ತಿತ್ತು. ಆದರೆ ಒಂದು ವಾರ ಯೋಚಿಸಿ ತೂತೇ ಬೇಡ ಅಂತ ತೀರ್ಮಾನಿಸಿದೆ. ಹೊಸ ಡಬ್ಬಿ ತಂದು ಬ್ಯಾಟರಿಯನ್ನೂ ಒಳಗೇ ಇಟ್ಟೆ. ಹಾಗಾದರೆ ಸ್ವಿಚ್? ರೀಡ್ ಸ್ವಿಚ್ ಅನ್ನುವ ಚಿಕ್ಕ ಗಾಜಿನ ಕೊಳವೆ ಸಿಗುತ್ತದೆ, ಆಯಸ್ಕಾಂತ ಹತ್ತಿರ ಬಂದರೆ ಒಳಗಿನ ಎರಡು ಎಲೆಗಳು ಕೂಡುತ್ತವೆ. ಅದನ್ನು ಡಬ್ಬಿಯ ಒಳಗೋಡೆಗೆ ಅಂಟಿಸಿದೆ, ಹೊರಗೆ ಒಂದು ಆಯಸ್ಕಾಂತದ ಬಿಲ್ಲೆ. ರೀಡ್ ಸ್ವಿಚ್ ಹೆಚ್ಚು ಕರೆಂಟ್ ತಾಳುವುದಿಲ್ಲ, ಹಾಗಾಗಿ ಅದು ಐಆರ್‌ಎಫ್ 9540 ಮಾಸ್‌ಫೆಟ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ಚಿನ ಗೇಟನ್ನು, ಅಂದರೆ ಅದನ್ನು ನಿಯಂತ್ರಿಸುವ ಕಾಲನ್ನು, ಮಾತ್ರ ಆಳುತ್ತದೆ. ಆಯಸ್ಕಾಂತ ಇದ್ದರೆ ಗೇಟ್ ಬ್ಯಾಟರಿಯ ಪ್ಲಸ್‌ಗೆ ಸೇರಿ ಎಲ್ಲ ಬಂದ್. ತೆಗೆದರೆ 100 ಕಿಲೋ ಓಮ್ ರೆಸಿಸ್ಟರ್ ಗೇಟನ್ನು ಕೆಳಗೆಳೆದು ಎಲ್ಲ ಚಾಲೂ. ಉಲ್ಟಾ ಮಾಡಬಹುದಿತ್ತು, ಆಯಸ್ಕಾಂತ ಇಟ್ಟಾಗ ಚಾಲೂ ಅಂತ. ಆದರೆ ನೆರೆಯ ರಾತ್ರಿ ಬಿಲ್ಲೆ ಕಳಚಿ ಬಿದ್ದರೆ ಕ್ಯಾಮೆರಾ ಕಣ್ಣು ಮುಚ್ಚಬಾರದು, ತೆರೆಯಬೇಕು. ಎರಡನೇ ಡಬ್ಬಿ ಎರಡು ರಾತ್ರಿ ಸಂಪಿನಲ್ಲಿತ್ತು. ಎಲ್ಲ ಚುಕ್ಕೆಗಳೂ ಇಟ್ಟಂತೆಯೇ ಇದ್ದವು.

ಒಳಗಿನ ಸಾಮಾನು

ಮಿದುಳು ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಅನ್ನುವ ಅಂಗೈಗಿಂತ ಚಿಕ್ಕ ಕಂಪ್ಯೂಟರ್. ಕಣ್ಣು ಅದರದ್ದೇ ಕ್ಯಾಮೆರಾ ಮಾಡ್ಯೂಲ್ 3, ಅಗಲ ನೋಟದ್ದು, ಇನ್ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕು) ತಡೆಯುವ ಫಿಲ್ಟರ್ ಇಲ್ಲದ್ದು. ಬ್ಯಾಟರಿಗೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಆರಿಸಿಕೊಂಡೆ. ಮೊಬೈಲಿನಲ್ಲಿರುವ ಥರದ ಲಿಥಿಯಂ ಸೆಲ್ ಇನ್ನೂ ಹಗುರ, ಆದರೆ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ಜನ ಓಡಾಡುವ ಜಾಗದಲ್ಲಿ ಇಡುವಾಗ ಬೇಗ ಬೆಂಕಿ ಹಿಡಿಯದ ಜಾತಿಯೇ ನನಗೆ ಬೇಕಿತ್ತು. 3.2 ವೋಲ್ಟಿನ, 6 ಆಂಪಿಯರ್ ಅವರ್‌ನ ದಪ್ಪ ಸೆಲ್ ಎಂಟು. ಎರಡೆರಡು ಜೋಡಿಸಿ ನಾಲ್ಕು ಸಾಲು ಮಾಡಿದರೆ 12.8 ವೋಲ್ಟ್, 12 ಆಂಪಿಯರ್ ಅವರ್, ಅಂದರೆ 153 ವ್ಯಾಟ್ ಅವರ್ ಚಿಲ್ಲರೆ. ಎಂಟು ಸೆಲ್ಲಿನ ತೂಕವೇ ಒಂದು ಕಿಲೋ ದಾಟುತ್ತದೆ. ಪೈ, ಕ್ಯಾಮೆರಾ, 4ಜಿ ಡಾಂಗಲ್ ಎಲ್ಲ ಸೇರಿ ಸರಾಸರಿ 3 ವ್ಯಾಟ್ ಅಂತ ಮೀಟರ್ ತೋರಿಸಿತು. ಬ್ಯಾಟರಿಯ ನೂರಕ್ಕೆ ಎಂಬತ್ತನ್ನು ಮಾತ್ರ ಬಳಸಿ, ಕನ್ವರ್ಟರ್ ತಿನ್ನುವುದನ್ನು ಕಳೆದರೆ 36 ಗಂಟೆ ಓಡಬೇಕು. ಮನೆಯಲ್ಲಿ ಓಡಿಸಿ ನೋಡಿದಾಗ 34 ಗಂಟೆ ಬಂತು. ಒಂದು ಮಳೆಗೆ ಸಾಕು.

ಮೊದಲ ರಾತ್ರಿಯ ಪ್ರಯೋಗದಲ್ಲಿ ಪಾಠ ಕಲಿತದ್ದು ಫೈಲಿನ ವಿಷಯದಲ್ಲಿ. ಟೆರೇಸಿನಲ್ಲಿ ಮೂರು ಗಂಟೆ ಮಳೆ ರೆಕಾರ್ಡ್ ಮಾಡಿ, ಬೇಕಂತಲೇ ಬ್ಯಾಟರಿ ಕಿತ್ತೆ. ಆಮೇಲೆ ನೋಡಿದರೆ ಮೂರು ಗಂಟೆಯ ಒಂದೇ ಎಂಪಿ 4 ಫೈಲ್ ಇದೆ, ಗಾತ್ರವೂ ಸರಿಯಾಗಿದೆ, ತೆರೆಯುವುದೇ ಇಲ್ಲ. ಆ ಜಾತಿಯ ಫೈಲಿನಲ್ಲಿ ವಿಡಿಯೋದ ಯಾವ ಫ್ರೇಮ್ ಎಲ್ಲಿದೆ ಅನ್ನುವ ಸೂಚಿ ರೆಕಾರ್ಡಿಂಗ್ ನಿಲ್ಲಿಸುವಾಗ ಬರೆಯಲ್ಪಡುತ್ತದೆ. ನಿಲ್ಲಿಸುವ ಅವಕಾಶವೇ ಸಿಗದಿದ್ದರೆ ಸೂಚಿಯಿಲ್ಲದ ಪುಸ್ತಕದ ಹಾಳೆಗಳ ರಾಶಿ ಉಳಿಯುತ್ತದೆ. ಈಗ ಪ್ರತಿ 60 ಸೆಕೆಂಡಿಗೆ ಹೊಸ ಫೈಲ್, ಸೂಚಿ ಬೇಡದ ಕಚ್ಚಾ ಎಚ್ 264 ಅನ್ನುವ ವಿಡಿಯೋ ರೂಪದಲ್ಲಿ, ಪ್ರತಿ ಫೈಲ್ ಮುಗಿದ ತಕ್ಷಣ ಮೆಮೊರಿ ಕಾರ್ಡಿಗೆ ಬಲವಂತವಾಗಿ ಬರೆಸುತ್ತೇನೆ. ನಡುವೆ ಬ್ಯಾಟರಿ ಕಿತ್ತುಹೋದರೂ ಕೊನೆಯ ಒಂದು ನಿಮಿಷ ಮಾತ್ರ ನಷ್ಟ. ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಗಂಟೆಗೆ 1.8 ಗಿಗಾಬೈಟ್ ಆಗುತ್ತದೆ. 128 ಗಿಗಾಬೈಟ್ ಕಾರ್ಡ್ ಬ್ಯಾಟರಿಗಿಂತ ಹೆಚ್ಚು ಬಾಳುತ್ತದೆ.

ಅದೇ ಪ್ರಯೋಗದಲ್ಲಿ ಎರಡನೇ ತಪ್ಪೂ ಸಿಕ್ಕಿತು. ಪೈಗೆ ತನ್ನದೇ ಗಡಿಯಾರ ಇಲ್ಲ, ನೆಟ್‌ವರ್ಕ್ ಸಿಕ್ಕಿದರೆ ಹೊತ್ತು ಕೇಳಿಕೊಳ್ಳುತ್ತದೆ, ಸಿಗದಿದ್ದರೆ ಹಿಂದಿನ ಸಲ ಆರಿದ ಹೊತ್ತಿನಿಂದಲೇ ಮುಂದುವರಿಯುತ್ತದೆ. ನನ್ನ ಮಳೆ ಹಿಂದಿನ ಮಂಗಳವಾರ ಮಧ್ಯಾಹ್ನ ಬಿದ್ದಂತೆ ದಾಖಲಾಗಿತ್ತು. ನಮ್ಮ ಜಗಳವೇ ಹೊತ್ತಿನದು, ಹೊತ್ತೇ ತಪ್ಪಾದರೆ ಈ ಡಬ್ಬಿ ಯಾತಕ್ಕೆ? ಡಿಎಸ್ 3231 ಗಡಿಯಾರದ ಚಿಪ್ ಸೇರಿಸಿದೆ. ಗುಂಡಿ ಬ್ಯಾಟರಿಯಲ್ಲಿ ಓಡುತ್ತದೆ, ವರ್ಷಕ್ಕೆ ಒಂದು ನಿಮಿಷ ಆಚೀಚೆ ಆದರೆ ಹೆಚ್ಚು.

4ಜಿ ಮೇಲೆ ನಾನು ಭಾರ ಹಾಕಿಲ್ಲ. ಐದು ನಿಮಿಷಕ್ಕೊಂದು ಸ್ಥಿರಚಿತ್ರ ಮಾತ್ರ ಕಳಿಸುತ್ತದೆ, ಹೋದರೆ ಹೋಯಿತು. 2018ರ ಅಕ್ಟೋಬರ್‌ನಲ್ಲಿ ಮೈಕೆಲ್ ಹರಿಕೇನ್ ಫ್ಲಾರಿಡಾದ ಪನಾಮ ಸಿಟಿ ಕಡೆ ಮೊಬೈಲ್ ಜಾಲವನ್ನೇ ಮಲಗಿಸಿತ್ತು. ನಮ್ಮಲ್ಲೂ ಕರೆಂಟ್ ಹೋಗಿ ಕೆಲವು ಗಂಟೆಗೆ ಟವರ್ ಬ್ಯಾಟರಿ ಮುಗಿಯುತ್ತದೆ. ಮೊದಲು ಕಾರ್ಡಿಗೆ, ಆಮೇಲೆ ಗಾಳಿಗೆ.

ಮಂಜು, ಹನಿ, ಕತ್ತಲು

ಸೋರದ ಡಬ್ಬಿಯ ಒಳಗೂ ನೀರಿರುತ್ತದೆ ಅಂತ ನನಗೆ ಗೊತ್ತಿದ್ದರೂ ಅನುಭವವಿರಲಿಲ್ಲ. ಸಂಜೆ 28 ಡಿಗ್ರಿ ಸೆಖೆಯಲ್ಲಿ ಮುಚ್ಚಳ ಮುಚ್ಚಿ ತಣ್ಣೀರು ಸುರಿದರೆ ಐದೇ ನಿಮಿಷದಲ್ಲಿ ಒಳಗಿನಿಂದ ಹಬೆ ಕಟ್ಟಿ ದೃಶ್ಯ ಹಾಲಾಯಿತು. ಲೆಕ್ಕ ಹಾಕಿದೆ: ಆರ್ದ್ರತೆ ನೂರಕ್ಕೆ 70 ಇದ್ದಾಗ ಮೂರು ಲೀಟರ್ ಗಾಳಿಯಲ್ಲಿರುವ ಆವಿ ಹೆಚ್ಚೆಂದರೆ 60 ಮಿಲಿಗ್ರಾಂ. ಒಂದು ಹನಿ ನೀರು! ಆ ಒಂದು ಹನಿ ಇಡೀ ಮುಚ್ಚಳಕ್ಕೆ ಪರದೆ ಹಾಕಿತ್ತು. ಹತ್ತು ಗ್ರಾಂ ಸಿಲಿಕಾ ಜೆಲ್ ಇದಕ್ಕೆ ಧಾರಾಳ, ಆದರೆ ಅದು ಒಣಗಿರಬೇಕು. ಅಂಗಡಿಯಿಂದ ತಂದ ಪೊಟ್ಟಣಗಳು ದಾರಿಯಲ್ಲೇ ಬೆಂಗಳೂರಿನ ಗಾಳಿ ಕುಡಿದು ಬಂದಿದ್ದವು. ಕಿತ್ತಳೆ ಇರಬೇಕಾದ ಮಣಿಗಳು ಹಸಿರಾಗಿದ್ದವು. ಹಳೆಯ ಕಬ್ಬಿಣದ ಕಾವಲಿಯನ್ನು ಈ ಕೆಲಸಕ್ಕೇ ಮೀಸಲಿಟ್ಟು ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಕಿತ್ತಳೆಯಾಗುತ್ತವೆ. ಹುರಿದ ಬಿಸಿಯಲ್ಲೇ ಬಟ್ಟೆ ಚೀಲಕ್ಕೆ ತುಂಬಿ ಒಳಗಿಟ್ಟು ಮುಚ್ಚಿಬಿಡಬೇಕು.

ಹೊರಗಿನ ಹನಿಗಳು ಇನ್ನೊಂದು ಕಾಟ. ಈ ಕ್ಯಾಮೆರಾ ತಾನಾಗಿ ಫೋಕಸ್ ಮಾಡಿಕೊಳ್ಳುತ್ತದೆ, ಮಳೆ ಬಂದ ಕೂಡಲೇ ಮುಚ್ಚಳದ ಮೇಲಿನ ಹನಿಯನ್ನೇ ನೋಡುತ್ತ ಕೂತಿತು. ಹನಿ ಅಷ್ಟು ಚೆನ್ನಾಗಿ ಕಂಡದ್ದು ನಾನು ಎಲ್ಲೂ ನೋಡಿಲ್ಲ, ಹಿಂದಿನ ರಸ್ತೆ ಮಾತ್ರ ಬರೀ ಬೂದು. ಫೋಕಸನ್ನು ಐದು ಮೀಟರ್ ದೂರಕ್ಕೆ, ಅಂದರೆ 0.2 ಡಯಾಪ್ಟರ್‌ಗೆ ಕಟ್ಟಿಹಾಕಿದೆ. ಮುಚ್ಚಳದ ಮುಂದೆ ಆರಿಂಚಿನ ಪಿವಿಸಿ ಪೈಪನ್ನು ಅರ್ಧಕ್ಕೆ ಸೀಳಿ ಸೂರು ಮಾಡಿದೆ. ಹನಿ ಕೂರದಂತೆ ಏನು ಹಚ್ಚುವುದು ಅಂತ ನಮ್ಮ ಬೀದಿಯ ಆಟೋದವರನ್ನು ಕೇಳಿದಾಗ ಅವರು ಜೇಬಿನಿಂದ ಬೀಡಿ ತೆಗೆದು ಅದರ ಹೊಗೆಸೊಪ್ಪನ್ನು ಅಂಗೈಗೆ ಉದುರಿಸಿದರು. ವೈಪರ್ ಕೆಟ್ಟರೆ ಲಾರಿಯವರು ಗಾಜಿಗೆ ಇದನ್ನೇ ಉಜ್ಜುವುದಂತೆ. ಉಜ್ಜಿ ನೋಡಿದೆ. ಹನಿಗಳು ಒಡೆದು ತೆಳು ಪದರವಾಗಿ ಹರಿದವು, ಮುಕ್ಕಾಲು ಗಂಟೆ ನೋಟ ತಿಳಿಯಾಗಿತ್ತು. ಪಾಲಿಕಾರ್ಬೊನೇಟ್ ಮೇಲೆ ಕಾರಿನ ಗಾಜಿನ ರಾಸಾಯನಿಕ ಹಚ್ಚಿದರೆ ಮಂಕಾಗುವ ಭಯವಿದೆ, ಹೊಗೆಸೊಪ್ಪಿನಿಂದ ಇದುವರೆಗೆ ಏನೂ ಆಗಿಲ್ಲ.

ಕತ್ತಲಿಗೆ ಇನ್ಫ್ರಾರೆಡ್ ಎಲ್ಇಡಿ. ಅದೇ ಡಬ್ಬಿಯೊಳಗೆ ಇಟ್ಟರೆ ಮುಚ್ಚಳದಿಂದ ತಿರುಗಿ ಬಂದು ಕಣ್ಣು ಕುಕ್ಕುತ್ತದೆ, ಹತ್ತಿರದ ಮಳೆಹನಿಗಳೂ ಬೆಳ್ಳಗೆ ಹೊಳೆಯುತ್ತವೆ. ಬೇರೆ ಚಿಕ್ಕ ಡಬ್ಬಿಯಲ್ಲಿ, ಅದರದ್ದೇ ಬ್ಯಾಟರಿಯೊಂದಿಗೆ, ಕ್ಯಾಮೆರಾಕ್ಕಿಂತ ಒಂದು ಮೊಳ ದೂರ ಕಟ್ಟಿದೆ. ನೀರಿನ ಮಟ್ಟ ಓದಲು ಎರಡು ಅಳತೆಗೋಲು ನಿಲ್ಲಿಸಿ, ಅವು ಹೊಳೆಯಲಿ ಅಂತ ಲಾರಿಗಳ ಹಿಂದೆ ಅಂಟಿಸುವ ರಿಫ್ಲೆಕ್ಟರ್ ಟೇಪನ್ನು 10 ಸೆಂಟಿಮೀಟರ್‌ಗೊಂದರಂತೆ ಹಚ್ಚಿದೆ. ಒಂದು ಗೋಲು ರಸ್ತೆ ಬದಿ, ಇನ್ನೊಂದು ರಾಜಕಾಲುವೆಯ ಒಳಗೋಡೆಯಲ್ಲಿ. ಎರಡಕ್ಕೂ ಸೊನ್ನೆ ರಸ್ತೆಯ ಮಟ್ಟವೇ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಗಾರೆ ಕೆಲಸದವರು ಮಟ್ಟ ನೋಡುವ ಹಾಗೆ ನೋಡಿ ಹೊಂದಿಸಿದೆ. ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಅರ್ಧ ಗಂಟೆ ಅದು.

ಕಟ್ಟುವುದು

ವಿದ್ಯುತ್ ಕಂಬಕ್ಕೆ ಖಂಡಿತ ಕಟ್ಟಬೇಡಿ. ನೆರೆಯಲ್ಲಿ ಅಲ್ಲಿ ಕರೆಂಟ್ ಹೊಡೆದು ಜನ ಸತ್ತದ್ದಿದೆ. ಕಾಲುವೆ ದಾಟುವ ಚಿಕ್ಕ ಸೇತುವೆಯ ಪಕ್ಕ ನಮ್ಮ ಲೇಔಟಿನದ್ದೇ ಒಂದು ಕಾಂಕ್ರೀಟ್ ಕಂಬವಿದೆ, ಹಿಂದೆ ನಾಮಫಲಕ ಹೊತ್ತದ್ದು. ಎಂಟಡಿ ಎತ್ತರದಲ್ಲಿ, ನೀರು ಹರಿದು ಹೋಗುವ ಬದಿಗೆ ಡಬ್ಬಿ ಕಟ್ಟಿದೆ. ತೇಲಿಬರುವ ದಿಮ್ಮಿ ಮೊದಲು ಕಂಬಕ್ಕೆ ಹೊಡೆಯಲಿ ಅಂತ.

ಎಷ್ಟು ಬಿಗಿಯಬೇಕು ಅಂತ ಲೆಕ್ಕ ಹಾಕಿದಾಗ ನನಗೇ ಆಶ್ಚರ್ಯವಾಯಿತು. ಡಬ್ಬಿಯ ಮುಖ 20ಕ್ಕೆ 15 ಸೆಂಟಿಮೀಟರ್. ಸೆಕೆಂಡಿಗೆ ಎರಡು ಮೀಟರ್ ಓಡುವ ನೀರು ಅದರ ಮೇಲೆ ಸುಮಾರು 7 ಕಿಲೋ ಭಾರ ಹೇರುತ್ತದೆ. ಅಷ್ಟೇ ಭಾರ ಗಾಳಿಯಿಂದ ಬರಬೇಕಾದರೆ ಅದು ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಬೀಸಬೇಕು. ಎರಡು ಮೀಟರ್ ಅಂದರೆ ಚುರುಕಾಗಿ ನಡೆಯುವ ಮನುಷ್ಯನ ವೇಗ, ಮಳೆಗಾಲದ ರಾಜಕಾಲುವೆಗೆ ಅದು ದೊಡ್ಡ ವೇಗವೇ ಅಲ್ಲ. ಫ್ಲಾರಿಡಾದ ಹರಿಕೇನ್ ಗಾಳಿಯಷ್ಟು ಬಲ ನಮ್ಮ ಬೀದಿಯ ಕೊಳಕು ನೀರಿನಲ್ಲಿದೆ. ಮೊಣಕಾಲಿನ ನೀರೇ ಅಂತ ಸ್ಕೂಟರ್ ಇಳಿಸುವವರಿಗೆ ನಾನು ಈಗ ಈ ಲೆಕ್ಕವನ್ನೇ ಹೇಳುತ್ತೇನೆ.

ಮೂರು ಲೀಟರಿನ ಡಬ್ಬಿ ಮುಳುಗಿದರೆ ನೀರು ಅದನ್ನು ಮೂರು ಕಿಲೋ ಬಲದಿಂದ ಮೇಲಕ್ಕೂ ತಳ್ಳುತ್ತದೆ. ನನ್ನ ಡಬ್ಬಿಯ ತೂಕ 2.1 ಕಿಲೋ. ಅಂದರೆ ಕಳಚಿದರೆ ತೇಲುತ್ತದೆ, ಅದು ಒಳ್ಳೆಯದೇ. ಕಿತ್ತಳೆ ಬಣ್ಣ ಬಳಿದೆ. ಎರಡು ಸ್ಟೀಲ್ ಹೋಸ್ ಕ್ಲ್ಯಾಂಪ್, ಅವುಗಳ ಮೇಲೆ ಲಾರಿ ಸರಕು ಬಿಗಿಯುವ ಪಟ್ಟಿ, ಕಡೆಗೆ ಬೇರೆಯದೇ ಒಂದು ತೆಳು ಉಕ್ಕಿನ ಹಗ್ಗ.

ಕಂಬದಲ್ಲಿ ತಂತಿ, ಬ್ಯಾಟರಿ ಕಾಣುವ ಡಬ್ಬಿ ಕಂಡರೆ ಯಾರಿಗಾದರೂ ಎದೆ ಝಲ್ ಅನ್ನುತ್ತದೆ. ಅದಕ್ಕೇ ಕಟ್ಟುವ ಮುಂಚೆ ಸಂಘದ ಲೆಟರ್‌ಹೆಡ್ಡಿನಲ್ಲಿ ಠಾಣೆಗೂ ವಾರ್ಡ್ ಕಚೇರಿಗೂ ಚಿತ್ರ ಸಮೇತ ಪತ್ರ ಕೊಟ್ಟು ಸಹಿ ತಂದೆವು. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಮಳೆನೀರಿನ ಮಟ್ಟ ನೋಡುವ ಕ್ಯಾಮೆರಾ’ ಅಂತ ಕನ್ನಡದಲ್ಲಿ, ಕೆಳಗೆ ತಮಿಳು, ಹಿಂದಿಯಲ್ಲೂ ಬರೆಸಿದೆವು. ಯಾರ ಮನೆ ಬಾಗಿಲೂ ಕಾಣದಂತೆ ಕೋನ ತಿರುಗಿಸಿ, ಅಕ್ಕಪಕ್ಕದವರಿಗೆ ಫೋನಿನಲ್ಲಿ ದೃಶ್ಯ ತೋರಿಸಿ ಒಪ್ಪಿಗೆ ಪಡೆದೆ.

ಆ ರಾತ್ರಿ

ಮೊದಲ ನಾಲ್ಕು ಮಳೆಯಲ್ಲಿ ಏನೂ ಆಗಲಿಲ್ಲ, ಒಂದರಲ್ಲಿ ಜೇಡ ಸೂರಿನೊಳಗೆ ಬಲೆ ಕಟ್ಟಿ ಅರ್ಧ ನೋಟ ಮುಚ್ಚಿತ್ತು. ಐದನೆಯದು ಅಕ್ಟೋಬರಿನದು. ಸಂಜೆ ಪೂರ್ವಕ್ಕೆ ಕಪ್ಪು ಕಟ್ಟಿತ್ತು, ಕೊಲ್ಲಿಯಲ್ಲಿ ಕುಸಿತ ಅಂತ ಎರಡು ದಿನದಿಂದ ಸುದ್ದಿ. ಏಳೂವರೆಗೆ ಹೋಗಿ ಆಯಸ್ಕಾಂತ ತೆಗೆದು ಜೇಬಿಗೆ ಹಾಕಿಕೊಂಡು ಬಂದೆ. 9:40ಕ್ಕೆ ಮಳೆ ಹಿಡಿಯಿತು. 10:20ಕ್ಕೆ ಕರೆಂಟ್ ಹೋಯಿತು. ಫೋನಿಗೆ ಬಂದ ಕೊನೆಯ ಚಿತ್ರ 11:05ರದು: ಕಾಲುವೆ ತುಂಬಿದೆ, ರಸ್ತೆ ಒದ್ದೆ, ಅಷ್ಟೇ. ಆಮೇಲೆ ನೆಟ್‌ವರ್ಕ್ ಇಲ್ಲ. ಮಹಡಿಯ ಕಿಟಕಿಯಲ್ಲಿ ನಿಂತು ಕೇಳಿಸಿಕೊಳ್ಳುವುದೊಂದೇ ಉಳಿದಿತ್ತು. ಮಧ್ಯರಾತ್ರಿ ಗೇಟಿಗೆ ಏನೋ ಬಡಿದ ಸದ್ದು ಬಂತು, ನೀರು ಒಳಗೆ ಬಂದಿದೆ ಅಂತ ಆಗಲೇ ಗೊತ್ತಾಯಿತು.

ಬೆಳಿಗ್ಗೆ ಎಂಟಕ್ಕೆ ನೀರು ಇಳಿದ ಮೇಲೆ ಹೋದೆ. ಕಂಬಕ್ಕೆ ಹರಿದ ಸೀರೆ, ಬಾಳೆದಿಂಡು, ಪ್ಲಾಸ್ಟಿಕ್ ಸುತ್ತಿಕೊಂಡಿದ್ದವು. ಡಬ್ಬಿ ಕಟ್ಟಿದ ಜಾಗದಲ್ಲೇ ಇತ್ತು. ಮುಚ್ಚಳ ತೆರೆಯುವ ಮುಂಚೆ ಒಳಗಿನ ಮಣಿಗಳನ್ನು ನೋಡಿದೆ, ಇನ್ನೂ ಕಿತ್ತಳೆ.

ಮನೆಯವರೆಲ್ಲ ಊಟದ ಮೇಜಿನ ಸುತ್ತ ಕೂತು ನೋಡಿದೆವು. 11:05ಕ್ಕೆ ಕಾಲುವೆಯ ಗೋಲಿನಲ್ಲಿ ನೀರು ರಸ್ತೆ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗೆ. 11:12ಕ್ಕೆ ರಸ್ತೆ ಮಟ್ಟಕ್ಕೆ ಸಮ. ಕಾಲುವೆಯ ಗೋಡೆ ರಸ್ತೆಗಿಂತ ನಾಲ್ಕಡಿ ಎತ್ತರ, ಉಕ್ಕಲು ಇನ್ನೂ ಬಹಳ ದೂರ. ಆದರೆ 11:16ಕ್ಕೆ ರಸ್ತೆ ಬದಿಯ ಮೋರಿಯ ಚಪ್ಪಡಿ ಸಂದಿನಿಂದ ನೀರು ಬುಗುಬುಗು ಎದ್ದಿತು. ರಬ್ಬರ್ ಚಪ್ಪಲಿಯೊಂದು ಮೋರಿಯ ಬಾಯಿಯ ಹತ್ತಿರ ಸುತ್ತುತ್ತಿತ್ತು, ಇನ್ಫ್ರಾರೆಡ್ ಬೆಳಕಿನಲ್ಲಿ ಬೆಳ್ಳಗೆ. ಅದು ಕಾಲುವೆ ಕಡೆಗೆ ಹೋಗಬೇಕಾದದ್ದು. ಎರಡು ಸುತ್ತು ಸುತ್ತಿ, ಮೂಗು ತಿರುಗಿಸಿ, ಮನೆಗಳ ಕಡೆಗೆ ನಿಧಾನವಾಗಿ ತೇಲಿಹೋಯಿತು. ಹೆಂಡತಿ ‘ಇನ್ನೊಂದು ಸಲ ಹಾಕಿ’ ಅಂದಳು. ಆ ಒಂದು ನಿಮಿಷವನ್ನು ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ.

12:30ಕ್ಕೆ ಕಾಲುವೆಯ ಗೋಲು, ರಸ್ತೆಯ ಗೋಲು ಎರಡೂ ಒಂದೇ ಅಂಕಿ ತೋರಿಸಿದವು: 70 ಸೆಂಟಿಮೀಟರ್. ನೀರು ಗೋಡೆಯ ನೆತ್ತಿಯನ್ನು ರಾತ್ರಿಯಿಡೀ ಮುಟ್ಟಲೇ ಇಲ್ಲ. ಮೇಲಿನ ರಸ್ತೆಯಿಂದ ಬಂದದ್ದು ಪಾದ ನೆನೆಯುವಷ್ಟು. ನಮ್ಮ ಮೋರಿ ಕಾಲುವೆಗೆ ಸೇರುವ ಎರಡಡಿ ತೂತಿನಿಂದಲೇ ಕಾಲುವೆ ನಮ್ಮೊಳಗೆ ಬಂದಿತ್ತು. ಕಾಲುವೆಯ ಮಟ್ಟ ಆ ತೂತನ್ನೂ ರಸ್ತೆಯನ್ನೂ ದಾಟಿದ ಮೇಲೆ ನೀರಿಗೆ ದಿಕ್ಕು ತಿರುಗಿಸುವುದು ಬಿಟ್ಟು ಬೇರೆ ದಾರಿಯೇ ಇಲ್ಲ. ಗೋಡೆಯನ್ನು ಇನ್ನೆರಡು ಅಡಿ ಏರಿಸಿದರೂ ತೂತು ಹಾಗೇ ಇದ್ದರೆ, ಕಾಲುವೆ ಎಷ್ಟು ಏರುತ್ತದೋ ನಮ್ಮ ಬೀದಿಯೂ ಅಷ್ಟೇ ಏರುತ್ತದೆ. ಅದಕ್ಕಾಗಿ ನಾವು ಮೂರು ವರ್ಷದಿಂದ ಅರ್ಜಿ ಕೊಡುತ್ತಿದ್ದೆವು. ಹೂಳಿನ ಮಾತು ಹೇಳಿದವರು ಸತ್ಯಕ್ಕೆ ಹತ್ತಿರ ಇದ್ದರು, ಆದರೆ ಮೋರಿ ಎಷ್ಟು ಚೊಕ್ಕಟವಾಗಿದ್ದರೆ ನೀರು ಅಷ್ಟು ಸಲೀಸಾಗಿ ಹಿಂದಕ್ಕೆ ಬರುತ್ತದೆ.

ಭಾನುವಾರ ಸಂಘದ ಸಭೆಯಲ್ಲಿ ಬಿಳಿ ಪಂಚೆಯನ್ನು ಪರದೆ ಮಾಡಿ ಆ ಎರಡು ಗಂಟೆಯನ್ನು ಹತ್ತು ನಿಮಿಷಕ್ಕೆ ಇಳಿಸಿ ತೋರಿಸಿದೆ. ಚಪ್ಪಲಿ ತಿರುಗಿದಾಗ ಯಾರೂ ಮಾತಾಡಲಿಲ್ಲ. ಗೋಡೆ ಏರಿಸುವ ಅರ್ಜಿಯನ್ನು ಬರೆದವರೇ ಎದ್ದು, ಆ ತೂತಿಗೆ ಒಮ್ಮುಖ ಬಾಗಿಲು ಹಾಕಿಸೋಣ ಅಂದರು. ನೀರು ಹೊರಗೆ ತಳ್ಳಿದಾಗ ತೆರೆದು, ಒಳಗೆ ತಳ್ಳಿದಾಗ ತಾನೇ ಮುಚ್ಚುವ ಕೀಲಿನ ಬಾಗಿಲು. ಆದರೆ ಅದು ಮುಚ್ಚಿರುವಷ್ಟು ಹೊತ್ತು ನಮ್ಮ ಬೀದಿಗೆ ಬಿದ್ದ ಮಳೆಗೂ ಹೊರದಾರಿ ಇರುವುದಿಲ್ಲ, ಅದನ್ನು ಗೋಡೆಯಾಚೆ ಎತ್ತಿಹಾಕಲು ಪಂಪ್ ಬೇಕೇಬೇಕು. ಎರಡನ್ನೂ ಸೇರಿಸಿ, ವಿಡಿಯೋ ಮತ್ತು ಎರಡು ಗೋಲುಗಳ ನಿಮಿಷ ನಿಮಿಷದ ಅಂಕಿಗಳೊಂದಿಗೆ ಹೊಸ ಅರ್ಜಿ ಕೊಟ್ಟಿದ್ದೇವೆ. ಎಂಜಿನಿಯರ್ ಒಬ್ಬರು ಬಂದು ತೂತಿನ ಅಳತೆ ತೆಗೆದುಕೊಂಡು ಹೋಗಿದ್ದಾರೆ.

ಈಗ ಇನ್ನೊಂದು ಡಬ್ಬಿಯ ಕೆಲಸ ನಡೆದಿದೆ. ಕೊನೆಯ ಮನೆಯ ನೆಲಮಹಡಿಯಲ್ಲಿ ಒಬ್ಬರೇ ಇರುವ ಅಜ್ಜಿ ಸಭೆ ಮುಗಿದ ಮೇಲೆ ನನ್ನ ತೋಳು ಹಿಡಿದು, ‘ಚಿತ್ರ ಬೆಳಿಗ್ಗೆ ನೋಡೋಕಾಯ್ತು, ನನಗೆ ರಾತ್ರೀನೇ ಎಬ್ಬಿಸೋ ಅಂಥದ್ದು ಮಾಡಿಕೊಡಪ್ಪ’ ಅಂದರು. ಮೊಬೈಲ್ ಜಾಲ ನಂಬುವ ಹಾಗಿಲ್ಲ. ಹಾಗಾಗಿ ಕಾಲುವೆಯ ನೀರು ರಸ್ತೆ ಮಟ್ಟಕ್ಕೆ 30 ಸೆಂಟಿಮೀಟರ್ ಕೆಳಗಿರುವಾಗಲೇ ಮೇಲೇಳುವ ತೇಲುಗುಂಡು, ಅದರೊಳಗೆ ಆಯಸ್ಕಾಂತ, ಕೊಳವೆಯೊಳಗೆ ಅದೇ ರೀಡ್ ಸ್ವಿಚ್, ಅಲ್ಲಿಂದ ಕಾಂಪೌಂಡ್ ಉದ್ದಕ್ಕೂ ತಂತಿ, ಅವರ ಮಂಚದ ಪಕ್ಕ ಒಂದು ಬೆಲ್. ತಂತಿ ಈ ಸಲ ದುಂಡಗಿನದು, 5 ಮಿಲಿಮೀಟರ್. ಗ್ಲ್ಯಾಂಡ್ ಹಾಕಿದ ಡಬ್ಬಿ ನಿನ್ನೆ ರಾತ್ರಿಯಿಂದ ಸಂಪಿನಲ್ಲಿದೆ, ನಾಳೆ ಬೆಳಿಗ್ಗೆ ಎತ್ತಬೇಕು.